ಹೊತ್ತವಳ ತಲೆ

ತಲೆಬುರುಡೆ ಒರೆಸುವುದು ನನ್ನ ಕೆಲಸ. ವಾರಕ್ಕೊಮ್ಮೆ, ಮಂಗಳವಾರ. ಉಳಿದ ದಿನ ನೆಲ, ಗಾಜು, ಕಕ್ಕಸು.

ನಮ್ಮ ಮ್ಯೂಸಿಯಮ್ಮಿನ ಹಿಂಭಾಗದಲ್ಲಿ ಒಂದು ಕೋಣೆ ಇದೆ. ಕಿಟಕಿ ಇಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು. ಕಪಾಟಿನೊಳಗೆ ಮರದ ಟ್ರೇ, ಟ್ರೇಯೊಳಗೆ ಹತ್ತಿ, ಹತ್ತಿಯ ಮೇಲೆ ತಲೆ. ಒಟ್ಟು ಅರವತ್ತೊಂದು. ಒಂದೊಂದರ ಹಣೆಯ ಮೇಲೂ ಕಪ್ಪು ಮಸಿಯಲ್ಲಿ ನಂಬರು ಬರೆದಿದ್ದಾರೆ. ಮಸಿ ಅಳಿಸದಿರಲಿ ಎಂದು ಅದರ ಮೇಲೆ ವಾರ್ನಿಷ್ ಬಳಿದಿದ್ದಾರೆ. ವಾರ್ನಿಷ್ ಹಳೆಯದಾಗಿ ಹಳದಿಗಟ್ಟಿ, ಒಣಗಿದ ಕಫದ ಹಾಗೆ ಕಾಣುತ್ತದೆ.

ಒರೆಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಮೆತ್ತನೆಯ ಬ್ರಷ್ಷು. ಆಮೇಲೆ ಧೂಳು ಹೀರುವ ಮಿಷನ್ನು. ಮಿಷನ್ನಿನ ಬಾಯಿಗೆ ಹಳೆಯ ಕಾಲುಚೀಲ ಕಟ್ಟಬೇಕು, ಇಲ್ಲದಿದ್ದರೆ ಸಡಿಲಾದ ಹಲ್ಲು ಒಳಗೆ ಹೋಗಿಬಿಡುತ್ತದೆ. ಒಮ್ಮೆ ಹೋಗಿತ್ತು. ಆ ಒಂದು ಹಲ್ಲಿಗಾಗಿ ನಾನು ಧೂಳಿನ ಚೀಲವನ್ನೆಲ್ಲ ನೆಲಕ್ಕೆ ಸುರಿದು ಎರಡು ಗಂಟೆ ಕೈಯಾಡಿಸಿದ್ದೆ. ಜಿಡ್ಡು ಹಿಡಿದ ತಲೆಯನ್ನು ತೊಳೆಯಬೇಕು. ತೊಳೆಯಲು ಬೇರೆ ತೊಟ್ಟಿ ಕೊಟ್ಟಿಲ್ಲ. ಚಹಾದ ಕಪ್ಪು ತೊಳೆಯುವ ಸಿಂಕಿನಲ್ಲೇ ತಲೆಯನ್ನೂ ತೊಳೆಯಬೇಕು. ಮೊದಲು ಕಪ್ಪು, ಆಮೇಲೆ ತಲೆ ಎಂದು ಮೇಡಂ ಹೇಳಿದ್ದಾರೆ. ಅಷ್ಟಕ್ಕೇ ಅವರ ಶುದ್ಧಿ ಮುಗಿಯಿತು.

ನಲವತ್ತನೇ ನಂಬರಿನ ಒಳಗೆ ಮೇಣ ಅಂಟಿಕೊಂಡಿದೆ. ಹಿಂದೆ ಇದ್ದ ಅಧಿಕಾರಿಯೊಬ್ಬ ಅದರಲ್ಲಿ ಮೇಣದಬತ್ತಿ ನಿಲ್ಲಿಸಿ ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದನಂತೆ. ಕರೆಂಟು ಹೋದಾಗ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದನಂತೆ. ಇಪ್ಪತ್ತೆಂಟರ ಹಿಂದಲೆಗೆ ಇನ್ನೂ ಒಂದು ಚೂರು ಕೂದಲು ಅಂಟಿದೆ. ಅದಕ್ಕೆ ಹುಳ ಬೀಳುತ್ತದೆ. ಹುಳಕ್ಕೆ ಔಷಧಿ ಹೊಡೆಯುವವಳೂ ನಾನೇ. ನನ್ನ ಮಕ್ಕಳ ತಲೆಯಿಂದ ಹೇನು ತೆಗೆದ ಬೆರಳುಗಳಿಂದ ಆ ಹುಳುಗಳನ್ನು ಹೆಕ್ಕಿದ್ದೇನೆ.

ಹೇಸಿಗೆ ಆಗುವುದಿಲ್ಲವೇ ಎಂದು ಜನ ಕೇಳುತ್ತಾರೆ. ಆಗುತ್ತದೆ. ಮೂಳೆ ಕಂಡಲ್ಲ. ಮೂಳೆ ಪಾಪ, ಇಟ್ಟಲ್ಲಿ ಇರುತ್ತದೆ. ಹಣೆಯ ಮೇಲಿನ ಆ ಕೈಬರಹ ಕಂಡು. ಎಷ್ಟು ದುಂಡಗೆ ಬರೆದಿದ್ದಾನೆ! ಅವಸರವೇ ಇಲ್ಲ. ಉಪ್ಪಿನಕಾಯಿ ಜಾಡಿಗೆ ಚೀಟಿ ಅಂಟಿಸುವವರು ಕೂಡ ಇಷ್ಟು ಸಮಾಧಾನದಿಂದ ಬರೆಯುವುದಿಲ್ಲ.

ಆದರೂ ಎರಡು ವರ್ಷ ಒರೆಸಿದೆ. ಹೊಟ್ಟೆಪಾಡು. ಸಂಜೆ ಹೊರಗೆ ಹೋಗುವಾಗ ಗೇಟಿನವನು ನಮ್ಮ ಚೀಲ ತಡಕುತ್ತಾನೆ. ಅವನನ್ನು ಎಲ್ಲರೂ ಗೇಟಪ್ಪ ಎನ್ನುತ್ತಾರೆ, ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಬುತ್ತಿ ಡಬ್ಬಿಯ ಮುಚ್ಚಳ ತೆಗೆಸಿ ಮೂಸಿ ನೋಡುತ್ತಾನೆ. ಅಂಗಿಯ ಜೇಬು ಒಳಗಿನದು ಹೊರಗೆ ಮಾಡಿ ತೋರಿಸಬೇಕು. ಕೋಟು ಹಾಕಿಕೊಂಡವರನ್ನು ಅವನು ಮುಟ್ಟುವುದಿಲ್ಲ. "ನಂಗೇನು ಖುಷಿನಾ ತಾಯಿ, ಆರ್ಡರು" ಎನ್ನುತ್ತಾನೆ. ಕದ್ದ ಮಾಲು ತುಂಬಿದ ಮನೆಯವರಿಗೇ ಕಳ್ಳರ ಭಯ ಜಾಸ್ತಿ.

ಒಂದು ಮಂಗಳವಾರ ಕೈಗವಸು ಖಾಲಿಯಾಗಿತ್ತು. "ಇವತ್ತೊಂದಿನ ಬರಿಗೈಲೇ ಮಾಡಮ್ಮ, ಅಡ್ಜಸ್ಟ್ ಮಾಡ್ಕೊ" ಎಂದರು ಮೇಡಂ. ಅವರಿಗೆ ಆ ಕೋಣೆಯ ಉಸ್ತುವಾರಿ. ಒಳ್ಳೆಯವರು. ಬೈಯುವುದಿಲ್ಲ. ಆದರೆ ಆ ಎರಡು ವರ್ಷದಲ್ಲಿ ಒಂದು ತಲೆಯನ್ನೂ ಅವರು ಕೈಯಲ್ಲಿ ಹಿಡಿದದ್ದು ನಾನು ನೋಡಿಲ್ಲ. ಬೇಕಾದರೆ ನನ್ನನ್ನು ಕರೆಯುತ್ತಾರೆ, ನಾನು ತಿರುಗಿಸಿ ತೋರಿಸುತ್ತೇನೆ, ಅವರು ಪೆನ್ನಿನಿಂದ ದೂರದಿಂದಲೇ ಬೆಟ್ಟು ಮಾಡುತ್ತಾರೆ.

ಹದಿನೇಳನೇ ನಂಬರಿನ ತಲೆ ಹಿಡಿದಿದ್ದೆ. ನೆತ್ತಿಯ ಮೇಲೆ ಬ್ರಷ್ಷು ಆಡಿಸುತ್ತಾ ಎಡಗೈಯ ಹೆಬ್ಬೆರಳು ಜಾರಿತು. ಜಾರಿ ಒಂದು ತಗ್ಗಿನಲ್ಲಿ ನಿಂತಿತು. ಕಿವಿಯಿಂದ ಕಿವಿಗೆ, ನೆತ್ತಿಯ ಅಡ್ಡಕ್ಕೆ, ನಾಲ್ಕು ಬೆರಳಗಲದ ತಗ್ಗು. ಕೈಗವಸಿನಲ್ಲಿ ಇದು ಗೊತ್ತೇ ಆಗಿರಲಿಲ್ಲ. ನಾನು ಬ್ರಷ್ಷು ಕೆಳಗಿಟ್ಟೆ. ಬಲಗೈಯನ್ನು ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಒಂದು ಕೈ ಆ ತಲೆಯ ತಗ್ಗಿನಲ್ಲಿ, ಒಂದು ಕೈ ನನ್ನ ತಗ್ಗಿನಲ್ಲಿ. ಎರಡೂ ಒಂದೇ.

ನನ್ನ ತಲೆಗೆ ಪಟ್ಟಿ ಬಿದ್ದದ್ದು ಎಂಟನೇ ವರ್ಷಕ್ಕೆ. ನಾವು ಬೆಟ್ಟದ ಕಲ್ಲುಗಣಿಯವರು. ಗಂಡಸರು ಕಲ್ಲು ಒಡೆಯುತ್ತಿದ್ದರು, ಹೆಂಗಸರು ಹೊರುತ್ತಿದ್ದರು. ಬುಟ್ಟಿ ಬೆನ್ನಿಗೆ, ಗೋಣಿಪಟ್ಟಿ ತಲೆಗೆ. ಪಟ್ಟಿಯ ಎರಡು ತುದಿ ಬುಟ್ಟಿಗೆ ಕಟ್ಟಿರುತ್ತದೆ, ನಡುಭಾಗ ನೆತ್ತಿಯ ಮೇಲೆ ಕೂರುತ್ತದೆ. ಭಾರವೆಲ್ಲ ಅಲ್ಲಿ. ಕತ್ತು ಮುಂದೆ ಚಾಚಿ, ನೆಲ ನೋಡುತ್ತಾ ಇಳಿಯಬೇಕು. ತಲೆ ಎತ್ತಿದರೆ ಬುಟ್ಟಿ ಹಿಂದಕ್ಕೆ ಎಳೆದು ಮಲಗಿಸಿಬಿಡುತ್ತದೆ. ಎಳೆಯ ತಲೆ ಹಸಿ ಮಡಕೆಯ ಹಾಗೆ, ಬಿಗಿದ ಕಡೆ ತಗ್ಗುತ್ತದೆ. ಅಲ್ಲಿ ಕೂದಲು ನಿಲ್ಲುವುದಿಲ್ಲ. ಬಾಚಣಿಗೆ ಎಗರುತ್ತದೆ. ನಮ್ಮ ಸಾಲುಮನೆಗಳಲ್ಲಿ ಹುಡುಗಿಗೆ ವಯಸ್ಸೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ನೆತ್ತಿ ಮುಟ್ಟಿ ನೋಡಿ, ಇವಳು ಪೂರ್ತಿ ಬುಟ್ಟಿ ಹೊರುತ್ತಾಳೆ, ಇವಳು ಅರ್ಧ ಬುಟ್ಟಿ ಎಂದು ಹೇಳುತ್ತಿದ್ದರು. ಗಣಿ ಮುಚ್ಚುವ ತನಕ ಇಪ್ಪತ್ತಾರು ವರ್ಷ ನಾನು ಹೊತ್ತಿದ್ದೇನೆ.

ಆ ಕೋಣೆಯಲ್ಲಿ ಒಂದು ದಪ್ಪ ಪುಸ್ತಕ ಇದೆ. ನಂಬರಿನ ಎದುರು ವಿವರ ಬರೆದಿರುತ್ತದೆ. ನಾಲ್ಕನೇ ಕ್ಲಾಸಿನ ತನಕ ಕಲಿತ ಅಕ್ಷರ ನನಗೆ ಬರುತ್ತದೆ. ಬೆರಳಿಟ್ಟು ಓದಿದೆ. 'ಹದಿನೇಳು. ಬೆಟ್ಟದ ಕೂಲಿ ಜನಾಂಗ. ಹೆಣ್ಣು. ವಯಸ್ಸು ಸುಮಾರು ಮೂವತ್ತು. ನೆತ್ತಿಯ ಅಡ್ಡ ತಗ್ಗು ಈ ಜನಾಂಗದ ಹುಟ್ಟುಲಕ್ಷಣ. ಮಂದಬುದ್ಧಿಯ ಗುರುತು.' ಪುಟ ತಿರುಗಿಸಿದೆ. ಹದಿನೆಂಟಕ್ಕೂ ಅದೇ. ಹತ್ತೊಂಬತ್ತಕ್ಕೂ ಅದೇ. ಅರವತ್ತೊಂದೂ ನಮ್ಮ ಬೆಟ್ಟದವೇ. ಹೆಂಗಸರ ತಲೆಗೆಲ್ಲ ಅದೇ ಮಾತು.

ಮೊದಲು ನಗು ಬಂತು. ಕಲ್ಲು ಹೊರಿಸಿದವರೂ ಅವರೇ, ತಲೆ ತಗ್ಗಿಸಿದವರೂ ಅವರೇ, ತಗ್ಗಿದ ತಲೆ ನೋಡಿ ದಡ್ಡರು ಎಂದವರೂ ಅವರೇ. ಆಮೇಲೆ ಸಿಂಕಿಗೆ ಹೋಗಿ ವಾಂತಿ ಮಾಡಿದೆ. ಆಮೇಲೆ ಸಿಂಕು ತೊಳೆದೆ. ಅದೂ ನನ್ನದೇ ಕೆಲಸ.

ಮಧ್ಯಾಹ್ನ ಮೇಡಂ ಹತ್ತಿರ ಹೋದೆ.

"ಮೇಡಂ, ಆ ಹದಿನೇಳರ ನೆತ್ತಿ ಮೇಲೆ ತಗ್ಗಿದ್ಯಲ್ಲ, ಅದು ಹುಟ್ಟಿಂದ ಬಂದಿದ್ದಲ್ಲ. ಹೊತ್ತು ಬಂದಿದ್ದು."

"ಅಂದ್ರೆ?"

ತಲೆ ಬಗ್ಗಿಸಿ ತೋರಿಸಿದೆ. ಅವರು ಕುರ್ಚಿಯಿಂದ ಎದ್ದರು. ಪಟ್ಟಿಯ ಕಥೆ ಹೇಳಿದೆ. ಅವರು ಫೋನು ತೆಗೆದು ನನ್ನ ತಲೆಯ ಫೋಟೋ ಹಿಡಿದರು. ಮೇಲಿಂದ ಒಂದು, ಪಕ್ಕದಿಂದ ಒಂದು, ಕೂದಲು ಸರಿಸಿ ಇನ್ನೊಂದು.

"ಓ ಮೈ ಗಾಡ್! ಇಷ್ಟು ವರ್ಷ ಇದನ್ನ ಯಾರೂ ಕಂಡುಹಿಡಿದಿರಲಿಲ್ಲ, ಗೊತ್ತಾ?"

"ಕಂಡುಹಿಡಿಯೋಕೇನಿದೆ ಮೇಡಂ? ಕೇಳಿದ್ರೆ ಹೇಳ್ತಿದ್ವಿ."

ಅವರು ಫೋಟೋ ನೋಡುತ್ತಲೇ ಇದ್ದರು. ನಾನೇ ಮುಂದುವರಿಸಿದೆ.

"ಅವ್ರೆಲ್ಲ ನಮ್ಮೋರು ಮೇಡಂ. ಕೊಟ್ಬಿಡಿ. ಮಣ್ಣು ಮಾಡ್ತೀವಿ."

ಮೇಡಂ ಫೋನು ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ನಿಜವಾಗಿಯೂ ಮರುಕ ಇತ್ತು. ಅದನ್ನು ನೋಡಿಯೇ ನನಗೆ ಗೊತ್ತಾಯಿತು, ಕೊಡುವುದಿಲ್ಲ ಎಂದು.

"ಅದು ಅಷ್ಟು ಸುಲಭ ಅಲ್ಲಮ್ಮ. ಕೊಡ್ಬೇಕೋ ಬೇಡ್ವೋ ಅಂತ ಎಲ್ಲಾ ಕಡೆ ದೊಡ್ಡ ಚರ್ಚೆ ನಡೀತಿದೆ. ನಾವೂ ಒಂದು ಚರ್ಚೆ ಇಟ್ಕೊಳ್ಳೋಣ. ನೀನೇ ಬಂದು ವೇದಿಕೆ ಮೇಲೆ ಮಾತಾಡು. ಆಯ್ತಾ?"

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮನ ಕತ್ತು ಈಗ ಮೇಲೇಳುವುದಿಲ್ಲ. ಯಾರೇ ಬಂದರೂ ಮೊದಲು ಅವರ ಕಾಲು ನೋಡಿ ಗುರುತು ಹಿಡಿಯುತ್ತಾಳೆ. ನಲವತ್ತು ವರ್ಷ ಹೊತ್ತವಳು. ಬಾಯಿ ಮಾತ್ರ ನೆಟ್ಟಗಿದೆ.

ಅಮ್ಮ ನನ್ನ ಹತ್ತಿರ ಸರಿದು ಕೂತಳು. ಆಮೇಲೆ ಹೇಳಿದಳು.

"ನಮ್ಮಜ್ಜಿ ಹೇಳ್ತಿದ್ಲು. ಅವಳು ಚಿಕ್ಕೋಳಿದ್ದಾಗ ಜ್ವರ ಬಂದು ಬೆಟ್ಟದಲ್ಲಿ ಸಾಲಾಗಿ ಸತ್ರಂತೆ. ಹೂತು ಎರಡು ತಿಂಗಳಾಗಿತ್ತಂತೆ. ಟೆಂಟು ಹಾಕ್ಕೊಂಡು ಯಾರೋ ಡಾಕ್ಟ್ರು ಬಂದ. ರೋಗ ಹರಡುತ್ತೆ, ಗುಂಡಿಗೆ ಔಷಧಿ ಹಾಕ್ಬೇಕು, ಯಾರೂ ಈ ಕಡೆ ಬರಬೇಡಿ ಅಂದ. ನಾಲ್ಕು ದಿನ ಅಗೆದ್ರು. ಅಗೆಸಿದ್ದೂ ನಮ್ಮೋರ ಕೈಲೇ. ತಲೆ ಮಾತ್ರ ತಗೊಂಡ್ರು. ಮುಂಡ ಹಾಗೇ ಬಿಟ್ಟು ಮುಚ್ಚಿದ್ರು."

"ನಂಗೆ ಯಾವತ್ತೂ ಹೇಳಿಲ್ವಲ್ಲ ಅಮ್ಮ?"

"ಏನಂತ ಹೇಳ್ಲಿ? ತಲೆ ಎಲ್ಲಿಗೆ ಹೋಯ್ತು ಅಂತ ಯಾರಿಗೆ ಗೊತ್ತಿತ್ತು? ಒಬ್ರು ಔಷಧಿ ಮಾಡ್ತಾರೆ ಅಂದ್ರು. ಒಬ್ರು ಮೂಳೇಲಿ ಗುಂಡಿ ಮಾಡಿ ಅಂಗಿಗೆ ಹಾಕ್ತಾರೆ ಅಂದ್ರು. ಅಜ್ಜಿಯ ಅಕ್ಕನೂ ಅದ್ರಲ್ಲಿದ್ಲು. ಸಾಯೋ ತನಕ ಅಜ್ಜಿ ಅಂಗಿ ಗುಂಡಿ ಹಾಕ್ಲಿಲ್ಲ ಕಣೇ. ದಾರ ಕಟ್ಕೊಳ್ತಿದ್ಲು."

ಅಮ್ಮ ಕೈ ಚಾಚಿ ನನ್ನ ಅಂಗೈ ಹಿಡಿದಳು. ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

"ಈ ಕೈಲೇನಾ ನೀನು ಒರೆಸೋದು?"

"ಹೂಂ."

"ನಯವಾಗಿ ಒರೆಸ್ತೀಯೋ, ಇಲ್ಲ ಪಾತ್ರೆ ಉಜ್ಜೋ ಹಾಗೋ?"

"ನಯವಾಗೇ ಅಮ್ಮ."

"ಅಷ್ಟಾದ್ರೂ ಆಯ್ತು. ಇನ್ನು ತಗೊಂಡು ಬಾ. ಮುಂಡ ಇರೋ ಕಡೆ ತಲೆ ಸೇರ್ಲಿ."

"ಸುಮ್ನೆ ಕೊಡ್ತಾರಾ? ಅದಕ್ಕೊಂದು ಚರ್ಚೆ ಮಾಡ್ಬೇಕಂತೆ."

"ಅಗೆಯೋವಾಗ ಚರ್ಚೆ ಮಾಡಿದ್ರಾ?"

ಅಮ್ಮ ಹೇಳಿದ್ದು ಸರಿ. ಆದರೂ ಚರ್ಚೆಗೆ ಒಪ್ಪಿಕೊಂಡೆ. ನ್ಯಾಯ ಹೇಳಿದರೆ ಜನ ಕೇಳುತ್ತಾರೆ ಎಂಬ ಆಸೆ. ಆಸೆಗೇನು, ಅದು ಬಡವರ ಮನೆಯಲ್ಲೇ ಹೆಚ್ಚು ಹುಟ್ಟುವುದು.

ಚರ್ಚೆಯ ದಿನ ನಾನೂ ಅಮ್ಮನೂ ಮುಂಬಾಗಿಲಿನಿಂದ ಒಳಗೆ ಹೋದೆವು. ಎರಡು ವರ್ಷದಲ್ಲಿ ಮೊದಲ ಸಲ. ನಾನು ಒಗೆದ ಬಟ್ಟೆ ಉಟ್ಟಿದ್ದೆ, ಸಮವಸ್ತ್ರ ಇರಲಿಲ್ಲ. ಗೇಟಪ್ಪ ನನ್ನನ್ನು ನೋಡಿ ಸಲಾಮು ಹೊಡೆಯಲು ಕೈ ಎತ್ತಿ, ಗುರುತು ಸಿಕ್ಕಿದ ಮೇಲೆ ಅದೇ ಕೈಯಲ್ಲಿ ಕಿವಿ ಕೆರೆದುಕೊಂಡ.

ಸಭಾಂಗಣದ ಬಾಗಿಲಲ್ಲೇ ಮೇಡಂ ಸಿಕ್ಕಿದರು. "ಬಂದ್ಯಾ? ಚೆನ್ನಾಯ್ತು. ಒಂದು ಕೆಲಸ ಮಾಡು. ಹದಿನೇಳನ್ನ ತಂದು ಮೇಜಿನ ಮೇಲಿಟ್ಬಿಡು. ಬೇರೆಯವರು ತಂದ್ರೆ ಬೀಳಿಸ್ತಾರೆ. ನಿಂಗೆ ಅಭ್ಯಾಸ ಇದ್ಯಲ್ಲ."

ಅತಿಥಿಗೆ ಕೆಲಸ ಹಚ್ಚುವ ಮನೆ ಇದೊಂದೇ ಇರಬೇಕು. ಹೋಗಿ ತಂದೆ. ನೀಲಿ ಮಖಮಲ್ಲಿನ ಮೇಲೆ ಅವಳನ್ನು ಇಟ್ಟೆ. ಮುಖ ಜನರ ಕಡೆ ಇರಲಿ ಎಂದರು. ತಿರುಗಿಸಿದೆ. ವೇದಿಕೆಯ ಮೇಲೆ ಮೆತ್ತನೆಯ ಕುರ್ಚಿಗಳಿದ್ದವು, ತುದಿಯಲ್ಲಿ ಒಂದು ಪ್ಲಾಸ್ಟಿಕ್ಕಿನದು. ಎಲ್ಲರ ಮುಂದೆಯೂ ಅವರವರ ಹೆಸರು, ಹೆಸರಿನ ಹಿಂದೆ ಮುಂದೆ ಬಾಲ. ನನ್ನ ಮುಂದಿನ ಫಲಕದಲ್ಲಿ 'ಸಮುದಾಯ' ಎಂದು ಬರೆದಿತ್ತು.

ಇಟ್ಟುಕೊಳ್ಳಬೇಕು ಎನ್ನುವವನು ಒಬ್ಬ ಪ್ರೊಫೆಸರು. ಕೊಡಬೇಕು ಎನ್ನುವವನು ಒಬ್ಬ ವಕೀಲ. ಪ್ರೊಫೆಸರು ಅರ್ಧ ಗಂಟೆ ಮಾತಾಡಿದ. ಮೂಳೆ ಒಂದು ಪುಸ್ತಕವಂತೆ. ಅದು ಇಡೀ ಮನುಷ್ಯಕುಲದ ಆಸ್ತಿಯಂತೆ. ಹೂತುಬಿಟ್ಟರೆ ಗ್ರಂಥಾಲಯಕ್ಕೆ ಬೆಂಕಿ ಇಟ್ಟ ಹಾಗಂತೆ. ಅವನ ಅಪ್ಪನ ಮೂಳೆ ಯಾವ ಗ್ರಂಥಾಲಯದಲ್ಲಿದೆ ಎಂದು ಯಾರೂ ಕೇಳಲಿಲ್ಲ. ವಕೀಲ ನಮ್ಮ ಪರ. ಅವನೂ ಅರ್ಧ ಗಂಟೆ ಮಾತಾಡಿದ. ನೋವು, ಮೌನದ ನೋವು, ತಲೆಮಾರಿನ ನೋವು. ನೋವು ಅಂದಾಗಲೆಲ್ಲ ಕೈ ಬೀಸುತ್ತಿದ್ದ. ಒಮ್ಮೆ ಕೈ ತಗುಲಿ ತಲೆ ಉರುಳುವುದರಲ್ಲಿತ್ತು, ನಾನು ಹಿಡಿದುಕೊಂಡೆ. ಅವನು ನೋಡಲೂ ಇಲ್ಲ. ನನ್ನ ಕಡೆ ತಿರುಗಿ ಒಂದು ಮಾತು ಕೇಳಲೂ ಇಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇಲ್ಲಿ ಬೆಕ್ಕು ಎರಡಿದ್ದವು.

ನಡುವೆ ಚಹಾ ಬಂತು. ಯಾರೋ ಬಿಸ್ಕತ್ತಿನ ತಟ್ಟೆಯನ್ನು ಮಖಮಲ್ಲಿನ ಮೇಲೇ ಇಟ್ಟರು. ಪ್ರೊಫೆಸರು ಬಿಸ್ಕತ್ತು ಚಹಾದಲ್ಲಿ ಅದ್ದಿ ತಿನ್ನುತ್ತಾ ಯಾರ ಜೊತೆಗೋ ನಗುತ್ತಿದ್ದ. ಒದ್ದೆ ಚೂರೊಂದು ಅವಳ ಕೆನ್ನೆಮೂಳೆಯ ಮೇಲೆ ಬಿತ್ತು. ಅವನು ಅದನ್ನು ನೋಡಿದ. ನೋಡಿ, ನನ್ನ ಕಡೆ ನೋಡಿದ. ನಾನು ಒರೆಸಿದೆ. ಒರೆಸಿದ ಮೇಲೆ ನನ್ನ ಮೇಲೇ ನನಗೆ ಅಸಹ್ಯವಾಯಿತು.

"ಈಗ ಸಮುದಾಯ ಮಾತಾಡುತ್ತೆ" ಎಂದರು ಮೇಡಂ.

ನಾನು ಎದ್ದು ಹೇಳಿದೆ. ಪಟ್ಟಿ, ಬುಟ್ಟಿ, ಎಂಟನೇ ವರ್ಷ, ಜ್ವರ, ಗುಂಡಿ, ಟೆಂಟು ಎಲ್ಲ ಹೇಳಿದೆ. "ಇದು ದಡ್ಡರ ಗುರುತಲ್ಲ, ದುಡಿದೋರ ಗುರುತು. ಆ ಪುಸ್ತಕದಲ್ಲಿ ಬರೆದಿರೋದು ಸುಳ್ಳು. ನಮ್ಮೋರನ್ನ ನಮಗೆ ಕೊಡಿ" ಎಂದು ನಿಲ್ಲಿಸಿದೆ. ಚಪ್ಪಾಳೆ ಬಿತ್ತು. ಮೇಡಂ ಕಣ್ಣೊರೆಸಿಕೊಂಡರು.

ಪ್ರೊಫೆಸರು ಎದ್ದು ಬಂದ. ಅವನ ಕೈಯಲ್ಲಿ ಸ್ಟೀಲಿನ ಒಂದು ಅಳತೆಯ ಇಕ್ಕಳ ಇತ್ತು, ಎರಡು ಕೊಂಡಿಯದು.

"ಅದ್ಭುತ! ಒಂದು ನಿಮಿಷ. ಸ್ವಲ್ಪ ಬಗ್ಗಮ್ಮ."

ನಾನು ಬಗ್ಗಿದೆ. ಯಾಕೆ ಬಗ್ಗಿದೆ ಎಂದು ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಬಗ್ಗು ಎಂದವರಿಗೆ ಬಗ್ಗಿಯೇ ಅಭ್ಯಾಸ, ಬೆನ್ನು ನನ್ನನ್ನು ಕೇಳಲೇ ಇಲ್ಲ. ತಣ್ಣನೆಯ ಸ್ಟೀಲು ಎರಡೂ ಕಿವಿಯ ಮೇಲೆ ಕೂತಿತು. ಆಮೇಲೆ ನೆತ್ತಿಯ ತಗ್ಗಿನಲ್ಲಿ ಅವನ ಬೆರಳು ಓಡಾಡಿತು. ಚಹಾದ ವಾಸನೆಯ ಉಸಿರು ನನ್ನ ಕುತ್ತಿಗೆಯ ಮೇಲೆ. ಅವನು ಅಂಕಿ ಕೂಗಿದ, ಅವನ ಶಿಷ್ಯೆ ಬರೆದುಕೊಂಡಳು. ಆಮೇಲೆ ಅದೇ ಇಕ್ಕಳ ಅವಳ ತಲೆಗೆ ಹೋಯಿತು. ಜನ ಫೋನು ಎತ್ತಿ ಹಿಡಿದರು. ಮುಂದಿನ ಸಾಲಿನಿಂದ, ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನೋಡುತ್ತಿದ್ದ ಅಮ್ಮನ ದನಿ ಕೇಳಿತು. "ಸಂತೆಯಲ್ಲಿ ಕುಂಬಳಕಾಯಿ ನೋಡೋ ಹಾಗೆ ನೋಡ್ತಾನಲ್ಲೇ!"

ಪ್ರೊಫೆಸರು ಜನರ ಕಡೆ ತಿರುಗಿದ.

"ಈಕೆ ಹೇಳಿದ್ದು ಸರಿ. ಈ ತಗ್ಗು ಹುಟ್ಟಿಂದ ಬಂದದ್ದಲ್ಲ, ಭಾರ ಹೊತ್ತಿದ್ರಿಂದ ಬಂದದ್ದು. ಹಳೆಯ ವಿವರಣೆ ತಪ್ಪು. ತಿದ್ದುತ್ತೇವೆ. ಆದ್ರೆ ಗಮನಿಸಿ. ತಗ್ಗು ಹುಟ್ಟುಲಕ್ಷಣ ಆಗಿದ್ರೆ ಇದು ಇವರ ಜನಾಂಗದ್ದೇ ತಲೆ ಅನ್ನಬಹುದಿತ್ತು. ಹೊತ್ತಿದ್ರಿಂದ ಬಂದದ್ದಾದ್ರೆ ಇದು ಯಾರದ್ದಾದ್ರೂ ಆಗಿರಬಹುದು. ಭಾರ ಹೊತ್ತವರು ಜಗತ್ತಿನಲ್ಲೆಲ್ಲ ಇದ್ದಾರೆ. ಅಂದ್ಮೇಲೆ ಇದು ಇವರ ಪೂರ್ವಜರದ್ದು ಅನ್ನೋದಕ್ಕೆ ಇದ್ದ ಒಂದೇ ಸಾಕ್ಷಿಯನ್ನ ಇವರೇ ತೆಗೆದುಹಾಕಿದ್ದಾರೆ."

ಅವನು ನನ್ನ ಕಡೆ ನೋಡಿ ಮುಗುಳ್ನಕ್ಕ. "ಥ್ಯಾಂಕ್ಯೂ" ಎಂದ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಮೈಯೆಲ್ಲ ಉರಿದುಹೋಯಿತು.

"ಆ ಪುಸ್ತಕದಲ್ಲಿ ಬೆಟ್ಟದ ಕೂಲಿ ಜನ ಅಂತ ಬರೆದಿದ್ಯಲ್ಲ ಸ್ವಾಮಿ? ಅದು ಯಾರು ಬರೆದಿದ್ದು, ನಾವಾ?"

"ಅದು ಹಳೆಯ ದಾಖಲೆಯಮ್ಮ. ಅದನ್ನ ನಂಬೋ ಹಾಗಿಲ್ಲ ಅಂತ ನೀವೇ ಈಗ ಹೇಳಿದ್ರಲ್ಲ."

"ದಡ್ಡರು ಅಂತ ಬರೆಯೋವಾಗ ಅವರು ನಮ್ಮೋರು. ಮಣ್ಣು ಮಾಡ್ತೀವಿ ಕೊಡಿ ಅಂದ್ರೆ ಯಾರೋ ಏನೋ. ಹೌದಾ?"

"ಭಾವನೆ ಬೇರೆ, ಪುರಾವೆ ಬೇರೆ. ಅದಕ್ಕೂ ದಾರಿ ಇದೆ." ಅವನು ಒಂದು ಕಾಗದ ತೆಗೆದ. "ನಿಮ್ಮ ರಕ್ತದ ಮಾದರಿ ಬೇಕು. ಈ ತಲೆಯಿಂದ ಎರಡು ದವಡೆ ಹಲ್ಲು ಕಿತ್ತು ಪುಡಿ ಮಾಡಿ ಪರೀಕ್ಷೆಗೆ ಕಳಿಸ್ತೀವಿ. ಎರಡು ಮೂರು ವರ್ಷ ಆಗುತ್ತೆ. ಫಲಿತಾಂಶ ಪ್ರಕಟಿಸೋ ಹಕ್ಕು ನಮ್ಮದು. ಹೊಂದಾಣಿಕೆ ಆದ್ರೆ ಸಮಿತಿ ಪರಿಶೀಲಿಸುತ್ತೆ. ಇಲ್ಲಿ ಸಹಿ ಹಾಕಿ. ಹಾಂ, ಆಳದ ಅಳತೆ ಸರಿಯಾಗಿ ಬಂದಿಲ್ಲ. ಇನ್ನೊಂದ್ಸಲ ಬಗ್ಗಿ."

"ಬಗ್ಗಲ್ಲ."

ಇಕ್ಕಳ ಗಾಳಿಯಲ್ಲೇ ನಿಂತಿತು.

"ನೀವು ಒಪ್ಪಿಯೇ ಬಂದಿದ್ದೀರಲ್ಲ?"

"ಮಾತಾಡೋಕೆ ಒಪ್ಪಿ ಬಂದೆ. ಅಳೆಸ್ಕೊಳ್ಳೋಕಲ್ಲ. ಆ ಕೈ ತೆಗೀರಿ."

ಅವನು ಕೈ ತೆಗೆಯಲಿಲ್ಲ, ನಾನೇ ತಳ್ಳಿದೆ. ಇಕ್ಕಳ ಕೆಳಗೆ ಬಿದ್ದು ಠಣ್ ಎಂದಿತು. ವಕೀಲನ ಮುಖ ಅರಳಿತು, ಅವನಿಗೆ ಭಾಷಣಕ್ಕೆ ಇನ್ನೊಂದು ನೋವು ಸಿಕ್ಕಿತ್ತು. ಮೇಡಂ ಅವಸರದಲ್ಲಿ ಮೈಕು ಹಿಡಿದುಕೊಂಡರು. ಬಹಳ ಅರ್ಥಪೂರ್ಣ ಸಂವಾದ ಎಂದರು. ಎರಡೂ ಕಡೆಯ ವಾದದಲ್ಲಿ ಸತ್ಯ ಇದೆ ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಚರ್ಚೆ ಮುಂದುವರಿಯಬೇಕು ಎಂದು ಎಲ್ಲರಿಗೂ ವಂದಿಸಿದರು. ಜನ ಏಳತೊಡಗಿದರು.

ಮೇಡಂ ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಿವಿಯ ಹತ್ತಿರ ಬಂದರು.

"ಬೇಜಾರು ಮಾಡ್ಕೋಬೇಡ. ನಿಧಾನಕ್ಕೆ ಆಗುತ್ತೆ. ಈಗ ಹದಿನೇಳನ್ನ ಒಳಗಿಟ್ಟು ಕಪಾಟು ಬೀಗ ಹಾಕ್ಬಿಡು. ಹಾಗೇ ಆ ಕಪ್ಪುಗಳನ್ನೂ ಎತ್ಬಿಡಮ್ಮ, ಇವತ್ತು ಕೆಲಸದೋರು ಬೇರೆ ಯಾರೂ ಇಲ್ಲ."

ನಾನು ಅವರ ಮುಖ ನೋಡಿದೆ. ಕೆಟ್ಟತನ ಇರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೇಸಿಗೆ ತಂದದ್ದು. ಕೆಟ್ಟವರಾದರೆ ಉಗಿದು ಬರಬಹುದು.

"ಇಲ್ಲ ಮೇಡಂ. ನೀವೇ ಇಡಿ."

"ಏನು?"

"ಇಟ್ಕೋಬೇಕು ಅನ್ನೋರು ನೀವು. ಎತ್ತಿ ಇಟ್ಕೊಳ್ಳಿ. ಇವತ್ತಿಂದ ಒರೆಸೋದು, ತೊಳೆಯೋದು, ಹುಳ ಹೆಕ್ಕೋದು ಎಲ್ಲಾ ನೀವೇ. ನಾನು ಮುಟ್ಟಿ ಒಳಗಿಡಲ್ಲ."

"ಇದು ನಿನ್ನ ಕೆಲಸಮ್ಮ. ಕೆಲಸ ಹೋಗುತ್ತೆ."

"ಹೋಗ್ಲಿ."

ಆ ಮಾತು ಸುಲಭಕ್ಕೆ ಬರಲಿಲ್ಲ. ಸುಳ್ಳು ಹೇಳುವುದಿಲ್ಲ. ಮನೆಯ ಬಾಡಿಗೆ, ಮಕ್ಕಳ ಸ್ಕೂಲು, ಅಮ್ಮನ ಮಾತ್ರೆ ಎಲ್ಲ ಕಣ್ಣ ಮುಂದೆ ಬಂದುಹೋಯಿತು. ಆದರೆ ಕೈ ಮುಂದೆ ಬರಲಿಲ್ಲ.

ಮೇಡಂ ಪ್ರೊಫೆಸರನ ಕಡೆ ನೋಡಿದರು. ಅವನು ಬಿದ್ದ ಇಕ್ಕಳವನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದ. "ನಿಮ್ಮ ಸಿಬ್ಬಂದಿ ಇಲ್ವಾ?" ಎಂದ. ವಕೀಲನ ಕಡೆ ನೋಡಿದರು. ಅವನು ಫೋನು ಕಿವಿಗಿಟ್ಟುಕೊಂಡು ಆಚೆ ಹೋದ. ಮೇಡಂ ಗಾಬರಿಯಿಂದ ಕೈಗವಸು ಹುಡುಕಿದರು. ಇರಲಿಲ್ಲ. ಕರವಸ್ತ್ರ ತೆಗೆದು ಎರಡು ಹೆಜ್ಜೆ ಮುಂದೆ ಬಂದರು, ಕಣ್ಣಿನ ಗುಳಿಗಳನ್ನು ನೋಡಿ ನಿಂತರು. ಅವರ ಮೂಗು ಸುಕ್ಕುಗಟ್ಟಿತು. ಮನುಷ್ಯಕುಲದ ಆಸ್ತಿ ಮೇಜಿನ ಮೇಲೆ ಕೂತಿತ್ತು, ಅದನ್ನು ಎತ್ತಿಕೊಳ್ಳುವ ಮನುಷ್ಯರು ಅಲ್ಲಿ ಒಬ್ಬರೂ ಇರಲಿಲ್ಲ.

ಅಮ್ಮ ಎದ್ದಳು. ಕುರ್ಚಿ ಹಿಡಿದು, ಗೋಡೆ ಹಿಡಿದು, ವೇದಿಕೆಯ ಮೆಟ್ಟಿಲು ಒಂದೊಂದಾಗಿ ಹತ್ತಿದಳು. ಕತ್ತು ಬಗ್ಗಿಯೇ ಇತ್ತು, ಅದಕ್ಕೇ ಅವಳ ಕಣ್ಣು ನೇರ ಮೇಜಿನ ಮೇಲೇ ಇತ್ತು. ಯಾರೂ ತಡೆಯಲಿಲ್ಲ, ಮುದುಕಿ ಏನು ಮಾಡಿಯಾಳು ಎಂದುಕೊಂಡಿರಬೇಕು. ಅಮ್ಮ ಎರಡೂ ಕೈಯಲ್ಲಿ ತಲೆ ಎತ್ತಿಕೊಂಡಳು. ಹಣೆಯ ಮೇಲಿನ ನಂಬರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಹೋಗಲಿಲ್ಲ. ಎಂಜಲು ಹಚ್ಚಿ ಉಜ್ಜಿದಳು. ಆಗಲೂ ಹೋಗಲಿಲ್ಲ. "ಥೂ, ಎಂಥಾ ಮಸಿಯೋ" ಎಂದು ಅವಳನ್ನು ಎದೆಗೆ ಅವಚಿಕೊಂಡಳು.

"ಅಮ್ಮಾ, ಅದನ್ನ ಕೆಳಗಿಡಿ" ಎಂದರು ಮೇಡಂ. "ಅದು ನಿಮ್ಮ ಅಜ್ಜಿಯ ಅಕ್ಕನದೇ ಅಂತ ನಿಮಗೇನು ಗೊತ್ತು?"

"ಗೊತ್ತಿಲ್ಲಮ್ಮ. ಹೊತ್ತೋಳು ಅಂತ ಗೊತ್ತು. ನಾನೂ ಹೊತ್ತಿದ್ದೀನಿ. ಆ ಮಾಸ್ತರೇ ಹೇಳಿದ್ನಲ್ಲ, ಹೊತ್ತೋರು ಯಾರು ಬೇಕಾದ್ರೂ ಆಗ್ಬಹುದು ಅಂತ. ಅಂದ್ಮೇಲೆ ನಮ್ಮೋಳೂ ಆಗ್ಬಹುದು. ನಿಮ್ಮೋಳಂತೂ ಅಲ್ಲ."

"ಇದು ಕಳ್ಳತನ ಆಗುತ್ತೆ!"

"ಆ ಮಾತು ನಿಮ್ಮ ಬಾಯಲ್ಲೂ ಇದೆ ಅಂತ ಈಗ ಗೊತ್ತಾಯ್ತು ನೋಡಿ ಮೇಡಂ" ಎಂದೆ ನಾನು.

ಅಮ್ಮ ಮೆಟ್ಟಿಲಿಳಿದು ನಿಂತಳು. ಹೋಗುತ್ತಿದ್ದ ಜನ ತಿರುಗಿ ನೋಡುತ್ತಿದ್ದರು. ಅವಳು ಎಲ್ಲರ ಕಾಲುಗಳಿಗೂ ಕೇಳುವ ಹಾಗೆ ಹೇಳಿದಳು.

"ಬೇಕಾದ್ರೆ ಬನ್ನಿ, ಕಿತ್ಕೊಳ್ಳಿ. ಆವತ್ತು ಮಣ್ಣಿನ ಕೈಯಿಂದ ಕಿತ್ಕೊಂಡ್ರಿ, ಅದು ಮಾತಾಡ್ಲಿಲ್ಲ. ಇವತ್ತು ನನ್ನ ಕೈಯಿಂದ ಕಿತ್ಕೊಳ್ಳಿ. ಬನ್ನಿ."

ಯಾವ ಬೂಟೂ ಮುಂದೆ ಬರಲಿಲ್ಲ. ಕಿತ್ತುಕೊಳ್ಳಬೇಕಾದರೆ ತಲೆಯನ್ನೂ ಮುಟ್ಟಬೇಕು, ನಮ್ಮನ್ನೂ ಮುಟ್ಟಬೇಕು. ನಾವು ನಡೆದೆವು. ಮೇಡಂ ಹಿಂದಿನಿಂದ ಪೊಲೀಸರಿಗೆ ಫೋನು ಮಾಡುತ್ತಿದ್ದದ್ದು ಕೇಳುತ್ತಿತ್ತು. "ಹೌದು, ಸ್ಪೆಸಿಮೆನ್... ಅಂದ್ರೆ ತಲೆ... ಅಲ್ಲ ಸಾರ್, ಕೊಲೆ ಅಲ್ಲ, ಹಳೇದು" ಎನ್ನುತ್ತಿದ್ದರು. ಹೇಗೆ ಹೇಳಬೇಕು ಎಂದು ಅವರಿಗೇ ಗೊತ್ತಿರಲಿಲ್ಲ.

ಗೇಟಿನಲ್ಲಿ ಗೇಟಪ್ಪ ಅಡ್ಡ ಬಂದ. ಅವನ ಕಣ್ಣು ಅಮ್ಮನ ತೋಳಿನೊಳಗೆ ಹೋಗಿ ಅಲ್ಲೇ ನಿಂತಿತು.

"ಏನ್ ತಾಯಿ ಇದು? ಸಾಮಾನು ಹೊರಗೆ ಹೋಗ್ಬೇಕಾದ್ರೆ ಪಾಸು ಬೇಕು."

"ಇದು ಸಾಮಾನಲ್ಲ" ಎಂದೆ.

"ನಾನು ಪುಸ್ತಕದಲ್ಲಿ ಬರೀಬೇಕಲ್ಲ ತಾಯಿ. ಬರೋವಾಗ ಇಬ್ರು ಅಂತ ಬರೆದಿದ್ದೀನಿ. ಈಗೇನಂತ ಬರೀಲಿ?"

"ಮೂರು ಜನ ಹೋದ್ರು ಅಂತ ಬರಿ."

ಅವನು ಸಭಾಂಗಣದ ಕಡೆ ನೋಡಿದ. ಒಳಗಿನಿಂದ ಯಾರೋ ಅವನನ್ನು ಕೂಗುತ್ತಿದ್ದರು. ಅವನು ಅಮ್ಮನ ಕಡೆ ನೋಡಿದ, ಅವಳ ಬಗ್ಗಿದ ನೆತ್ತಿ ನೋಡಿದ, ಅವಳ ಎದೆಯ ಮೇಲಿನ ನೆತ್ತಿ ನೋಡಿದ. ನನ್ನ ಚೀಲ ತಡಕಲು ಅವನ ಕೈ ಅಭ್ಯಾಸಬಲದಿಂದ ಎದ್ದಿತ್ತು. ಅದು ಹಿಂದಕ್ಕೆ ಹೋಯಿತು. ಕೂತು ಪೆನ್ನಿನ ಮುಚ್ಚಳ ತೆಗೆದ. ಬರೆದ. ನಾನು ಬಗ್ಗದೆ, ನಿಂತಲ್ಲಿಂದಲೇ ಓದಿದೆ. ಹೊರಗೆ ಹೋದವರು, ಮೂವರು.

ಅಮ್ಮ ಗೇಟು ದಾಟಿ ನಿಂತಳು. ತಿರುಗದೆಯೇ ಅವನಿಗೆ ಹೇಳಿದಳು.

"ಹಾಳೆ ಜಾಸ್ತಿ ಇಟ್ಕೊಂಡಿರಪ್ಪ. ಇನ್ನೂ ಅರವತ್ತು ಜನ ಹೊರಗೆ ಬರೋರಿದ್ದಾರೆ."